ಹುಚ್ಚೆಳ್ಳು

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮಂಗಳವಾರ
ಕಂದಲಿಯಿಂದ ಬರುವ ಜವರಮ್ಮ
ಒಂದೆಲಗದ ಕಟ್ಟಿಗೆ ನೀರು ಚಿಮುಕಿಸುತ್ತ ಕೇಳುತ್ತಾಳೆ:
"ಯಾರ್ಗವ್ವ, ಮೊಮ್ಮಕ್ಳಿಗಾ?"
ನನಗೇ, ಅನ್ನುತ್ತೇನೆ.
ಒಂದು ಹಿಡಿ ಹೆಚ್ಚಿಗೆ ಹಾಕುತ್ತಾಳೆ.
ಅದು ಕನಿಕರವೋ ಕೊಸರೋ
ಈವರೆಗೆ ಬಗೆಹರಿದಿಲ್ಲ.

ಎಪ್ಪತ್ತಮೂರು ನನಗೆ.
ಬೆಳಿಗ್ಗೆ ಬರಿಹೊಟ್ಟೆಗೆ ಏಳು ಎಲೆ,
ರಾತ್ರಿ ನೆನೆಹಾಕಿದ ಬಾದಾಮಿ ಐದು,
ಅಕ್ರೋಟು ಎರಡು ಹೋಳು.
ಒಡೆದರೆ ಥೇಟು ಮಿದುಳು, ಅದಕ್ಕೇ ಮಿದುಳಿಗೆ ಒಳ್ಳೆಯದಂತೆ.
ಹಾಗಾದರೆ ನಮ್ಮೂರ ಆಲೂಗಡ್ಡೆ
ಯಾವ ಅಂಗಕ್ಕೆ ಒಳ್ಳೆಯದೋ, ಯಾರೂ ಹೇಳುವುದಿಲ್ಲ.

ಮೀನೆಣ್ಣೆಯ ಗುಳಿಗೆ ತಂದುಕೊಟ್ಟವನು ಅಳಿಯ.
ಎದೆಯ ಮೇಲೆ ಕರಡಿಗೆ ಇರುವವಳು
ಬೆಳಕಿಗೆ ಹಿಡಿದು ನೋಡಿದೆ:
ಒಳಗೆ ಕಣ್ಣಿಲ್ಲ, ಮುಳ್ಳಿಲ್ಲ, ಬರಿ ಚಿನ್ನದ ಬಣ್ಣ.
ಲಿಂಗಕ್ಕೆ ಸೆರಗು ಮುಚ್ಚಿ ನುಂಗಿದೆ.
ಆಮೇಲೆ ಬಂದ ತೇಗಿಗೆ
ಸುಳ್ಳು ಹೇಳಲು ಬರಲಿಲ್ಲ.

ಡಾಕ್ಟರ್ ಹುಡುಗಿ ನಗಲಿಲ್ಲ.
ರಕ್ತದ ಚೀಟಿ ನನ್ನ ಕಡೆ ತಿರುಗಿಸಿ,
"ಬಿ ಹನ್ನೆರಡು ಕಡಿಮೆ ಇದೆ, ಇದಕ್ಕೆ ಇಂಜೆಕ್ಷನ್ ಉಂಟು.
ಉಳಿದದ್ದು ತಿನ್ನಿ, ಬೇಡ ಅನ್ನಲ್ಲ,
ಮರೆವು ತಡೆಯುತ್ತೆ ಅಂತ ಸಹಿ ಹಾಕಿ ಕೊಡೋಕೆ
ನನ್ನ ಕೈಲಾಗಲ್ಲ.
ಬಿ.ಪಿ. ನೋಡ್ಕೊಳ್ಳಿ. ನಡೀರಿ.
ನಾಲ್ಕು ಜನರ ಹತ್ತಿರ ಮಾತಾಡಿ."

ಮಾತಾಡುವುದು!
ಇಡೀ ಊರನ್ನು ಮಾತಾಡಿಸಿದವಳು ನಾನು.
ಟೆಲಿಫೋನ್ ಎಕ್ಸ್‌ಚೇಂಜಿನ ಎರಡನೇ ಕುರ್ಚಿ,
ಯಂತ್ರ ಬರುವವರೆಗೆ ಹದಿನಾರು ವರ್ಷ.
ಕಿವಿಗೆ ಹೆಡ್‌ಫೋನು, ಎರಡು ಕೈಗೂ ವೈರು,
ಪುಸ್ತಕ ತೆರೆದವರು ಯಾರು?
ದೊಡ್ಡಾಸ್ಪತ್ರೆ ಇಪ್ಪತ್ತೆರಡು,
ಆಲೂಗಡ್ಡೆ ಮಂಡಿ ನೂರಾ ನಲವತ್ತು,
ಎರಡು ಸಂಸಾರದ ವಕೀಲರದ್ದು
ಹಗಲಿಗೊಂದು, ರಾತ್ರಿಗೊಂದು.

ಮೊದಲನೇ ಕುರ್ಚಿ ಮೆಹರುನ್ನಿಸಾಳದ್ದು.
ನನಗಿಂತ ಚುರುಕು. ದನಿ ಕೇಳಿ ಊರು ಹೇಳುವಳು:
ಇದು ಆಲೂರು, ಇದು ಬೇಲೂರು,
ಇದು ಬೇಲೂರಿನವನಂತೆ ನಟಿಸುವ ಅರಸೀಕೆರೆ.
ಮೀನು ತಿಂದಳು, ಬಾದಾಮಿ ತಿಂದಳು,
ದಿನಕ್ಕೆ ಐದು ಸಲ ಬಾಗಿ ಎದ್ದಳು.
ಲೆಕ್ಕದ ಪ್ರಕಾರ
ಮರೆಯಬೇಕಾದವಳು ನಾನು.

ಗುರುವಾರ ಪೆನ್ಷನ್ ಮೊಹಲ್ಲಾಕ್ಕೆ ಹೋಗುತ್ತೇನೆ.
ತಂಗಿಯ ಮಗಳು ನಾಜಿಮಾ ಬಾಗಿಲು ತೆರೆದು
"ಖಾಲಾ, ನೋಡಿ ಯಾರು ಬಂದರು" ಅನ್ನುತ್ತಾಳೆ.
ಖಾಲಾ ನನ್ನ ಸೀರೆಯ ಅಂಚು ನೋಡುತ್ತಾಳೆ.
ರಾತ್ರಿ ಪಾಳಿಯಲ್ಲಿ ತಣ್ಣನೆ ರೊಟ್ಟಿಗೆ
ನನ್ನ ಡಬ್ಬಿಯಿಂದ ಕದ್ದು ತಿನ್ನುತ್ತಿದ್ದ ಪುಡಿ
ಮೊನ್ನೆ ಒಯ್ದಿದ್ದೆ.

"ಏನಿದು?"
ಹುಚ್ಚೆಳ್ಳು ಪುಡಿ.
"ಎಳ್ಳಿಗೆ ಯಾಕೆ ಹುಚ್ಚು?"
ಗೊತ್ತಿಲ್ಲ ಮೆಹರೂ.
ಬೆರಳದ್ದಿ ನೆಕ್ಕಿದಳು. ಯೋಚಿಸಿದಳು.
"ಪಾಪ. ಯಾರಾದರೂ ಡಾಕ್ಟರಿಗೆ ತೋರಿಸಿದರಾ?"

ನಾಜಿಮಾ ಒಳಗೆ ಹೋಗಿ ನಕ್ಕಳು, ಅಥವಾ ಅತ್ತಳು,
ಅಡಿಗೆಮನೆಯ ನಲ್ಲಿ ಜೋರಾಗಿ ಬಿಟ್ಟಿದ್ದಳು.

ಮಾತು ತೋಚದೆ, ಆಟಕ್ಕೆ,
ನಂಬರ್ ಪ್ಲೀಸ್, ಅಂದೆ.
ಬೆನ್ನು ನೆಟ್ಟಗಾಯಿತು ಅವಳದ್ದು.
ಕೈ ಗಾಳಿಯಲ್ಲಿ ಒಂದು ತೂತು ಹುಡುಕಿತು.
"ಮೂರು, ಒಂದು, ಆರು."
ತಡೆದಳು.
"ಎಂಗೇಜು."
ಮತ್ತೆ ನನ್ನ ಕಡೆ ತಿರುಗಿ, ಗುಟ್ಟಿನ ದನಿಯಲ್ಲಿ,
"ಇಷ್ಟು ಹೊತ್ತಿನಲ್ಲೂ!"

ಗೊತ್ತಿದ್ದವಳಂತೆ ತಲೆಯಾಡಿಸಿದೆ.

ಎನ್.ಆರ್. ಸರ್ಕಲ್ ದಾಟುವಾಗ ಮೂರು ಒಂದು ಆರು.
ಮೆಡಿಕಲ್ ಶಾಪಿನ ಎದುರು ಮೂರು ಒಂದು ಆರು.
ಕಾಫಿ ವರ್ಕ್ಸೇ? ಅಲ್ಲ, ಅದು ಇನ್ನೂರರ ಸಾಲು.
ರೇಷ್ಮೆ ಇಲಾಖೆ? ಆ ಪುತ್ತೂರಿನ ಇಂಜಿನಿಯರು?
ನಮ್ಮಿಬ್ಬರಿಗೇ ಗೊತ್ತಿದ್ದ ಯಾರಾದರೂ?
ಅಥವಾ ಇಲ್ಲದ ನಂಬರೇ?
ಹಾಗಂತ ಖಾತ್ರಿಯಾಗಿ ಹೇಳಲಾದರೂ
ನನಗೆ ಎಲ್ಲ ನೆನಪಿರಬೇಕಲ್ಲ.

ಬೆಳಿಗ್ಗೆ ಎದ್ದು ಏಳು ಎಲೆ ಅಗಿದೆ.
ಎಂಟನೆಯದನ್ನೂ.
ಕಹಿ ನಾಲಿಗೆಯ ಬದಿಯಲ್ಲಿ ಸ್ವಲ್ಪ ನಿಂತು
ಹೋಯಿತು.

ಕ್ಯಾಲೆಂಡರಿನಲ್ಲಿ ಮುಂದಿನ ಗುರುವಾರದ ಮನೆಯೊಳಗೆ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ೩೧೬.
ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ,
ಯಾಕೆ ಬರೆದೆ ಎಂಬುದನ್ನೂ.